ಅಮೆರಿಕದಲ್ಲಿ ಬೇಟೆ: ಯಾರ ಜಾಗ, ಎಷ್ಟು ಖರ್ಚು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೇಟೆಯ ಗೀಳು ಹತ್ತಿಸಿಕೊಂಡವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಕೊಡಗು, ಮಲೆನಾಡಿನ ಕಡೆಯವರಾದರೆ ಅಜ್ಜಂದಿರ ಕೋವಿಯ ಕಥೆ ಕೇಳಿಯೇ ಬೆಳೆದಿರುತ್ತಾರೆ. ಉಳಿದವರನ್ನು ಕಚೇರಿಯ ಗೆಳೆಯನೊಬ್ಬ "ಈ ನವೆಂಬರ್‌ನಲ್ಲಿ ಜೊತೆಗೆ ಬಾ" ಎಂದು ಕರೆದಿರುತ್ತಾನೆ. ಎಲ್ಲರೂ ಮೊದಲು ವಿಚಾರಿಸುವುದು ಬಂದೂಕಿನ ಬೆಲೆಯನ್ನು. ವಿಚಾರಿಸಬೇಕಾದದ್ದು ಜಾಗವನ್ನು ಮತ್ತು ಅಲ್ಲಿಗೆ ಹೋಗುವ ದಾರಿಯನ್ನು. ಬೇಟೆ ಸರಿಯೋ ತಪ್ಪೋ ಎಂಬ ಜಗಳಕ್ಕೆ ಇಲ್ಲಿ ಕೈ ಹಾಕಿಲ್ಲ. ದರಗಳು ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮಪುಸ್ತಿಕೆಯನ್ನು ಓದಿಕೊಳ್ಳಿ.

ನಾನಿನ್ನೂ ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಮುಟ್ಟಬಹುದೇ?

ಈ ಪ್ರಶ್ನೆಯನ್ನು ಕೊನೆಗೆ ಕೇಳುವವರೇ ಹೆಚ್ಚು. ದಯವಿಟ್ಟು ಮೊದಲು ಕೇಳಿ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಫೆಡರಲ್ (ಅಂದರೆ ಕೇಂದ್ರದ) ಕಾನೂನಿನ ಸಾಮಾನ್ಯ ನಿಯಮ. ಅದಕ್ಕೆ ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ನಿಷೇಧ ಅನ್ವಯಿಸುವುದಿಲ್ಲ. ಹಾಗಾಗಿ ಲೈಸೆನ್ಸ್ ಮೊದಲು, ಬಂದೂಕು ಆಮೇಲೆ. ಗೆಳೆಯನ ಬಂದೂಕನ್ನು ಎರವಲು ಪಡೆಯುವುದಿದ್ದರೂ ಇದೇ ಕ್ರಮ. ಲೈಸೆನ್ಸ್ ನವೀಕರಿಸುವುದನ್ನು ಮರೆತು ಬಂದೂಕನ್ನು ಕಪಾಟಿನಲ್ಲಿ ಇಟ್ಟುಕೊಂಡು ಕುಳಿತರೆ ಆ ರಕ್ಷಣೆ ತಪ್ಪುತ್ತದೆ. ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಗಿಸುವ ಸಣ್ಣ ತಪ್ಪು ಅದಲ್ಲ, ವೀಸಾಗೂ ಕುತ್ತು. ಕೆಲವು ರಾಜ್ಯಗಳ ನಿಯಮ ಇನ್ನೂ ಬಿಗಿಯಾಗಿದೆ, ವಕೀಲರನ್ನೊಮ್ಮೆ ಕೇಳುವುದು ಮೇಲು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಬಿಲ್ಲುಬಾಣ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ, ಅನೇಕರು ಅದರಿಂದಲೇ ಶುರು ಮಾಡುತ್ತಾರೆ.

ಕಾಡುಪ್ರಾಣಿ ಜಾಗದ ಮಾಲೀಕನದೇ?

ಅಲ್ಲ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಭೂಮಿಯ ಒಡೆತನದ ಜೊತೆಗೇ ಬರುತ್ತದೆ. ಅಮೆರಿಕದವರು ಆ ಪದ್ಧತಿಯನ್ನು ಕೈಬಿಟ್ಟರು. ಇಲ್ಲಿ ಕಾಡುಜಿಂಕೆ, ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ), ಬಾತುಕೋಳಿಗಳು ಜನರ ಸೊತ್ತು. ಜನರ ಪರವಾಗಿ ಅವುಗಳನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ. ಎಷ್ಟು ಹೊಡೆಯಬಹುದು, ಯಾವ ತಿಂಗಳು, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಸರ್ಕಾರ ತೀರ್ಮಾನಿಸುತ್ತದೆ. ಸ್ವಂತ ಹೊಲದಲ್ಲಿ ನಿಂತ ಜಿಂಕೆಯನ್ನು ಹೊಡೆಯುವುದಕ್ಕೂ ರೈತ ಬೇಟೆಯ ನಿಯಮಕ್ಕೆ ತಲೆಬಾಗಬೇಕು. ಹೊಡೆದ ಮಾಂಸವನ್ನು ಮಾರುವಂತಿಲ್ಲ. ಹೋಟೆಲುಗಳಲ್ಲಿ ಬಡಿಸುವ ಜಿಂಕೆ ಮಾಂಸ ಸಾಮಾನ್ಯವಾಗಿ ಸಾಕಣೆಯದು.

ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಜಿಂಕೆ ಎಲ್ಲರದ್ದಾದರೂ ಅದು ಮೇಯುತ್ತಿರುವ ನೆಲ ಒಬ್ಬನದು, ಗೇಟಿನ ಬೀಗದ ಕೈಯೂ ಅವನ ಜೇಬಿನಲ್ಲಿ. ಮುಂದಿನ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ತಕರಾರಿನಿಂದಲೇ ಹುಟ್ಟಿದವು.

ಸರ್ಕಾರಿ ಭೂಮಿ ಬೇಕಾದಷ್ಟಿದೆ ಎನ್ನುತ್ತಾರೆ. ನಿಜವೇ?

ನಿಜ. ಫೆಡರಲ್ ಸರ್ಕಾರದ ಕೈಯಲ್ಲಿ ಸುಮಾರು 64 ಕೋಟಿ ಎಕರೆ ಇದೆ. ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಅದರ ಪೈಕಿ ಭೂ ನಿರ್ವಹಣಾ ಬ್ಯೂರೋದ ಸುಮಾರು 24.5 ಕೋಟಿ ಎಕರೆ ಮತ್ತು ಅರಣ್ಯ ಸೇವೆಯ ಸುಮಾರು 19.3 ಕೋಟಿ ಎಕರೆಯ ಬಹುಭಾಗ ಬೇಟೆಗಾರರಿಗೆ ತೆರೆದಿದೆ. ಪ್ರವೇಶ ಶುಲ್ಕವಿಲ್ಲ, ಅಪ್ಪಣೆ ಚೀಟಿಯೂ ಬೇಡ. ರಾಜ್ಯದ ಲೈಸೆನ್ಸ್ ಇದ್ದರೆ ಸಾಕು. ನ್ಯಾಷನಲ್ ಪಾರ್ಕ್‌ಗಳ ಮಾತು ಬೇರೆ. ಯೆಲ್ಲೊಸ್ಟೋನ್, ಯೊಸೆಮಿಟಿಯಂಥ ಕಡೆ ಬೇಟೆ ಇಲ್ಲ.

ತೊಂದರೆ ಏನೆಂದರೆ ಈ ಭೂಮಿ ಹಂಚಿಕೆಯಾಗಿರುವ ರೀತಿ. ನೆವಾಡಾ ರಾಜ್ಯದ ಶೇಕಡಾ 80ರಷ್ಟು ನೆಲ ಫೆಡರಲ್ ಸರ್ಕಾರದ್ದು. ಟೆಕ್ಸಸ್‌ನಲ್ಲಿ ಸುಮಾರು ಶೇಕಡಾ 95 ಖಾಸಗಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಪಶ್ಚಿಮದ ಆ ಬಯಲು ನಕ್ಷೆಯಲ್ಲಿ ನೋಡಿ ಸಂತೋಷಪಡುವುದಕ್ಕೆ ಮಾತ್ರ.

ಹಾಗಾದರೆ ಟೆಕ್ಸಸ್‌ನಲ್ಲಿರುವವನು ಎಲ್ಲಿಗೆ ಹೋಗಬೇಕು?

ಅಲ್ಲಿನ ರೂಢಿ ಗುತ್ತಿಗೆ. ನಾಲ್ಕೈದು ಮಂದಿ ಸೇರಿ ಒಂದು ರ‍್ಯಾಂಚಿನ (ದನ ಮೇಯಿಸುವ ದೊಡ್ಡ ಜಮೀನಿನ) ಬೇಟೆಯ ಹಕ್ಕನ್ನು ವರ್ಷಕ್ಕೆ ಎಕರೆಗಿಷ್ಟು ಎಂದು ಹಿಡಿಯುತ್ತಾರೆ. ಒಬ್ಬೊಬ್ಬರ ತಲೆಗೆ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಒಳ್ಳೆಯ ಗುತ್ತಿಗೆಗಳು ಅಪ್ಪನಿಂದ ಮಗನಿಗೆ ಬರುವಂಥವು. ಹೊಸಬರಿಗೆ ಬಾಗಿಲು ತೆರೆಯುವುದು ಯಾರಾದರೂ ಊರು ಬಿಟ್ಟಾಗ.

ಅದು ಕೈಗೆಟುಕದವರಿಗೆ ರಾಜ್ಯದ ವಾರ್ಷಿಕ ಸಾರ್ವಜನಿಕ ಬೇಟೆ ಪರವಾನಗಿ ಇದೆ. ಬೆಲೆ 48 ಡಾಲರ್. ಇದರಲ್ಲಿ ಸುಮಾರು 10 ಲಕ್ಷ ಎಕರೆಗೆ ಪ್ರವೇಶ ಸಿಗುತ್ತದೆ. ಜನ ಹೆಚ್ಚು, ಜಿಂಕೆ ಜಾಣ. ಶನಿವಾರ ಬೆಳಗ್ಗೆ ಹೋದರೆ ಮರಗಳ ನಡುವೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಅಂಗಿಗಳೇ ಕಾಣುವುದುಂಟು. ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋಗುವವನಿಗೆ ಅದೇ ಕಾಡು ಬೇರೆಯೇ ಆಗಿ ಕಾಣುತ್ತದೆ.

ಬೇರೆ ರಾಜ್ಯಗಳು ಇನ್ನೊಂದು ದಾರಿ ಹಿಡಿದಿವೆ. ಕಾನ್ಸಸ್‌ನಲ್ಲೂ ಬಹುತೇಕ ಖಾಸಗಿ ನೆಲವೇ. ಆದರೆ ಅಲ್ಲಿ ಸರ್ಕಾರವೇ ರೈತರಿಗೆ ಬಾಡಿಗೆ ಕೊಟ್ಟು 10 ಲಕ್ಷಕ್ಕೂ ಹೆಚ್ಚು ಎಕರೆಯನ್ನು ಕಾಲ್ನಡಿಗೆಯ ಬೇಟೆಗಾರರಿಗೆ ತೆರೆದಿಟ್ಟಿದೆ. ಮೊಂಟಾನಾದಲ್ಲೂ ಇಂಥದೇ ಒಂದು ಯೋಜನೆ 1980ರ ದಶಕದಿಂದ ನಡೆಯುತ್ತಿದೆ. ಜಮೀನಿನ ಅಂಚಿನಲ್ಲಿರುವ ಪೆಟ್ಟಿಗೆಯಲ್ಲಿ ಹೆಸರು ಬರೆದ ಚೀಟಿ ಹಾಕಿ ಒಳಗೆ ನಡೆಯುವುದು ಅಲ್ಲಿ ಸಾಮಾನ್ಯ. ನನ್ನ ಕಣ್ಣಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಭ್ಯವಾಗಿ ಕಾಣುವುದು ಇದೇ: ರೈತನಿಗೂ ನಾಲ್ಕು ಕಾಸು, ಬೇಟೆಗಾರನಿಗೂ ದಾರಿ.

'ಮೂಲೆ ದಾಟುವ' ಮೊಕದ್ದಮೆ ಎಂದು ಕೇಳಿದ್ದೇನೆ. ಏನದು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1862ರಲ್ಲಿ ಪೆಸಿಫಿಕ್ ರೈಲುಮಾರ್ಗ ಹಾಕುವ ಕಂಪನಿಗಳಿಗೆ ಭೂಮಿ ಕೊಡುವ ಕಾನೂನು ಬಂತು. ಹಳಿಯ ಎರಡೂ ಕಡೆ ಮೈಲು ಉದ್ದ, ಮೈಲು ಅಗಲದ ಚೌಕಗಳನ್ನು ಗುರುತಿಸಿ ಒಂದು ಬಿಟ್ಟು ಒಂದನ್ನು ಕಂಪನಿಗೆ ಕೊಟ್ಟರು. ಒಂದೊಂದೂ 640 ಎಕರೆ. ಕಂಪನಿಯ ಚೌಕಗಳು ಮುಂದೆ ರ‍್ಯಾಂಚುಗಳ ಪಾಲಾದವು, ಉಳಿದವು ಸರ್ಕಾರದಲ್ಲೇ ಉಳಿದವು. ಇವತ್ತಿಗೂ ವಯೋಮಿಂಗ್‌ನ ದಕ್ಷಿಣ ಭಾಗದ ನಕ್ಷೆ ಚದುರಂಗದ ಹಾಸಿನಂತಿದೆ. ಸರ್ಕಾರಿ ಚೌಕದಿಂದ ಸರ್ಕಾರಿ ಚೌಕಕ್ಕೆ ಹೋಗಬೇಕಾದರೆ ಅವು ಕೂಡುವ ಜಾಗ ಮೂಲೆಯ ಒಂದು ಬಿಂದು ಮಾತ್ರ. ಊರಿನಲ್ಲಿ ಬಂಡಿದಾರಿ ಇಲ್ಲದ ಸರ್ವೆ ನಂಬರನ್ನು ಕೊಂಡು ಪಕ್ಕದ ಹೊಲದವನ ಮುಂದೆ ಕೈಕಟ್ಟಿ ನಿಂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

2021ರಲ್ಲಿ ಮಿಸ್ಸೌರಿಯಿಂದ ಬಂದ ನಾಲ್ವರು ಬೇಟೆಗಾರರು ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಇಂಥ ಒಂದು ಮೂಲೆಗೆ ಬಂದರು. ಹತ್ತಿರದ ರ‍್ಯಾಂಚು 20,000 ಎಕರೆಗೂ ದೊಡ್ಡದು. ಮೂಲೆಯಲ್ಲಿ ಎರಡು ಕಬ್ಬಿಣದ ಗೂಟ ನೆಟ್ಟು, ನಡುವೆ ಸರಪಳಿ ಬಿಗಿದು, ಪ್ರವೇಶವಿಲ್ಲ ಎಂಬ ಫಲಕ ಹಾಕಿತ್ತು. ಬೇಟೆಗಾರರು ಅದಕ್ಕೆಂದೇ ಮಾಡಿಸಿದ ಏಣಿಯನ್ನು ತಂದಿದ್ದರು. ಅದರ ಒಂದು ಕಡೆಯ ಕಾಲುಗಳು ಈ ಸರ್ಕಾರಿ ಚೌಕದಲ್ಲಿ, ಇನ್ನೊಂದು ಕಡೆಯವು ಆ ಸರ್ಕಾರಿ ಚೌಕದಲ್ಲಿ. ಹತ್ತಿ ಇಳಿದರು. ಖಾಸಗಿ ನೆಲಕ್ಕೆ ಹೆಜ್ಜೆಯನ್ನೇ ಇಡಲಿಲ್ಲ. ನೆಲ ಮುಟ್ಟದಿದ್ದರೇನು, ನನ್ನ ನೆಲದ ಮೇಲಿನ ಗಾಳಿಯಲ್ಲಿ ನಿಮ್ಮ ಭುಜ ಹಾದುಹೋಯಿತಲ್ಲ ಎಂಬುದು ಮಾಲೀಕರ ವಾದ. ರ‍್ಯಾಂಚಿನ ಬೆಲೆ ಕುಸಿಯುತ್ತದೆ ಎಂದು ಅವರು ಲಕ್ಷಾಂತರ ಡಾಲರ್ ಪರಿಹಾರವನ್ನೂ ಕೇಳಿದರು.

2022ರಲ್ಲಿ ಸ್ಥಳೀಯ ಜ್ಯೂರಿ ನಾಲ್ವರನ್ನೂ ಅತಿಕ್ರಮ ಪ್ರವೇಶದ ಆರೋಪದಿಂದ ಬಿಡುಗಡೆ ಮಾಡಿತು. ಸಿವಿಲ್ ದಾವೆಯಲ್ಲಿ 2023ರಲ್ಲಿ ಫೆಡರಲ್ ನ್ಯಾಯಾಲಯವೂ, 2025ರ ಮಾರ್ಚ್‌ನಲ್ಲಿ ಹತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವೂ ಬೇಟೆಗಾರರ ಪರ ನಿಂತವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಸ್ವಾರಸ್ಯವೆಂದರೆ ಬೇಟೆಗಾರರನ್ನು ಕಾಪಾಡಿದ್ದು 1885ರ ಒಂದು ಕಾನೂನು. ದನಗಳ ಸಾಹುಕಾರರು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಹಾಕಿಕೊಂಡು ನುಂಗುತ್ತಿದ್ದ ಕಾಲದಲ್ಲಿ ಅದನ್ನು ತಡೆಯಲು ಮಾಡಿದ್ದು.

ಅಂದರೆ ಈಗ ಎಲ್ಲಿ ಬೇಕಾದರೂ ಮೂಲೆ ದಾಟಬಹುದೇ?

ಇಲ್ಲ. ಆ ತೀರ್ಪು ನಡೆಯುವುದು ಹತ್ತನೆಯ ಸರ್ಕ್ಯೂಟಿನ ಆರು ರಾಜ್ಯಗಳಲ್ಲಿ: ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಓಕ್ಲಹೋಮಾ. ಮೊಂಟಾನಾ ಅದರ ಹೊರಗಿದೆ; ಅಲ್ಲಿನ ಅಧಿಕಾರಿಗಳು ಮೂಲೆ ದಾಟುವುದು ಕಾನೂನುಬಾಹಿರ ಎಂದೇ ಹೇಳುತ್ತಾರೆ. ಆರು ರಾಜ್ಯಗಳಲ್ಲೂ ಖಾಸಗಿ ನೆಲಕ್ಕೆ ಕಾಲು ತಾಗಬಾರದು. ಮೊಬೈಲ್ ನಕ್ಷೆಯ ಚುಕ್ಕಿಯನ್ನು ನಂಬಿ ಹೆಜ್ಜೆ ಇಡಬೇಡಿ, ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಸರ್ವೆಯವರು ನೆಟ್ಟ, ಮೇಲೆ ಲೋಹದ ಬಿಲ್ಲೆ ಇರುವ ಗುರುತನ್ನು ಹುಡುಕಿ. ಸಿಗದಿದ್ದರೆ ವಾಪಸ್ ಬನ್ನಿ.

ಬೇಲಿ ಇಲ್ಲ, ಫಲಕವೂ ಇಲ್ಲ. ಒಳಗೆ ಹೋಗಬಹುದಲ್ಲ?

ರಾಜ್ಯದ ಮೇಲೆ ಹೋಗುತ್ತದೆ. ವರ್ಮಾಂಟ್‌ನ 1777ರ ಸಂವಿಧಾನವೇ ಬೇಲಿ ಹಾಕದ ಭೂಮಿಯಲ್ಲಿ ಬೇಟೆಯಾಡುವ ಸ್ವಾತಂತ್ರ್ಯವನ್ನು ಜನರಿಗೆ ಕೊಟ್ಟಿದೆ. ಆ ಕಡೆಯ ಮೇನ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲೂ ಫಲಕವಿಲ್ಲದ ಕಾಡಿಗೆ ಹೋಗುವ ಹಳೆಯ ರೂಢಿ ಉಳಿದಿದೆ. ಟೆಕ್ಸಸ್‌ನಲ್ಲಿ ಹಾಗೆ ಮಾಡಿದರೆ ಶೆರಿಫ್ ಬರುತ್ತಾನೆ. ಅಲ್ಲಿ ಫಲಕದ ಬದಲು ನೇರಳೆ ಬಣ್ಣವೂ ನಡೆಯುತ್ತದೆ: ಮರಕ್ಕೋ ಕಂಬಕ್ಕೋ ನೆಲದಿಂದ ಮೂರರಿಂದ ಐದಡಿ ಎತ್ತರದಲ್ಲಿ ಬಳಿದ, ಕನಿಷ್ಠ ಎಂಟು ಇಂಚು ಉದ್ದ, ಒಂದು ಇಂಚು ಅಗಲದ ನಿಂತ ಪಟ್ಟಿ. ಹೊಸಬರು ಯಾರೋ ಬಣ್ಣ ಚೆಲ್ಲಿದ್ದಾರೆಂದು ದಾಟಿ ಹೋಗುತ್ತಾರೆ. ಅದರ ಅರ್ಥ ಒಳಗೆ ಬರಬೇಡ ಎಂದೇ.

ಮಾಲೀಕರನ್ನು ನೇರವಾಗಿ ಕೇಳಿದರೆ ಒಪ್ಪುತ್ತಾರೆಯೇ?

ಒಪ್ಪುವವರಿದ್ದಾರೆ, ಮೊದಲಿಗಿಂತ ಕಡಿಮೆ. ಸೀಸನ್ ಶುರುವಾದ ದಿನ ಮುಂಜಾನೆ ಬಂದೂಕು ಹೊತ್ತು ಬಾಗಿಲು ತಟ್ಟಿದರೆ ಯಾರೂ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಹೋಗಿ, ಒಬ್ಬರೇ ಅಥವಾ ಮನೆಯವರ ಜೊತೆ ಹೋಗಿ. ಮೊದಲ ಸಲಕ್ಕೆ ದೊಡ್ಡ ಜಿಂಕೆಯನ್ನು ಕೇಳಬೇಡಿ; ಬೆಳೆ ಹಾಳುಮಾಡುವ ಕಾಡುಹಂದಿಯನ್ನೋ ಹೆಣ್ಣು ಜಿಂಕೆಯನ್ನೋ ಹೊಡೆಯಲು ಅವಕಾಶ ಕೇಳಿ. ಬೇಲಿ ಸರಿಮಾಡುವುದಕ್ಕೆ ಒಂದು ದಿನ ಬರುತ್ತೇನೆಂದು ಹೇಳಿ, ಹೇಳಿದ ಮೇಲೆ ಹೋಗಿ. ಹಬ್ಬಕ್ಕೆ ಒಂದು ಡಬ್ಬಿ ಚಕ್ಕುಲಿ, ಮೈಸೂರು ಪಾಕು ಕೊಟ್ಟು ವರ್ಷಗಟ್ಟಲೆ ಬಾಗಿಲು ತೆರೆಸಿಕೊಂಡವರನ್ನು ಬಲ್ಲೆ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮತ್ತು ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ಬನ್ನಿ: ತೆರೆದಿದ್ದರೆ ತೆರೆದು, ಮುಚ್ಚಿದ್ದರೆ ಮುಚ್ಚಿ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಟೆಕ್ಸಸ್‌ನ ಸ್ಥಳೀಯನ ಲೆಕ್ಕ ಹಾಕೋಣ. ಬೇಟೆಯ ಲೈಸೆನ್ಸ್ 25 ಡಾಲರ್. ಸಾರ್ವಜನಿಕ ಭೂಮಿಯ ಪರವಾನಗಿ 48. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತೆಯ ತರಬೇತಿ ಪಡೆದಿರಬೇಕು, ಅದಕ್ಕೆ ಅಲ್ಪ ಶುಲ್ಕ. ಸಾಧಾರಣ ರೈಫಲ್ ಮತ್ತು ಅದರ ಮೇಲೆ ಕೂರಿಸುವ ದೂರದರ್ಶಕ ಸೇರಿ ಐನೂರರಿಂದ ಏಳುನೂರು ಡಾಲರ್. ಬಾಳಿಕೆ ಒಂದು ತಲೆಮಾರು. ಗುಂಡು, ಒಳ್ಳೆಯ ಬೂಟು, ಕಿತ್ತಳೆ ಅಂಗಿ ಬೇರೆ. ಜಿಂಕೆಯನ್ನು ಕಟುಕರ ಅಂಗಡಿಯಲ್ಲಿ ಕತ್ತರಿಸಿ ಪೊಟ್ಟಣ ಕಟ್ಟಿಸಲು ನೂರು ಡಾಲರ್ ಅಥವಾ ಇನ್ನೂ ಹೆಚ್ಚು. ಮೂಳೆ ತೆಗೆದ ಮೇಲೆ ಉಳಿಯುವ ಮಾಂಸ ಹದಿನೈದು ಇಪ್ಪತ್ತು ಕಿಲೋ. ಮಾಂಸ ಅಗ್ಗವಾಗುತ್ತದೆ ಎಂದು ಮನೆಯವರಿಗೆ ಹೇಳಿ ಹೊರಡುವವರು ಈ ಲೆಕ್ಕವನ್ನು ಅವರಿಗೆ ತೋರಿಸದಿರುವುದು ಒಳ್ಳೆಯದು.

ಬಂದೂಕು ಎರವಲು ಸಿಕ್ಕರೆ, ಕತ್ತರಿಸುವುದನ್ನು ಸ್ವತಃ ಕಲಿತರೆ, ಮನೆಯಿಂದ ಎರಡು ಗಂಟೆಯೊಳಗೆ ಸಾರ್ವಜನಿಕ ಕಾಡಿದ್ದರೆ ಇದು ಅಗ್ಗದ ಹವ್ಯಾಸವೇ. ಮೂರನೆಯದು ಇಲ್ಲದಿದ್ದರೆ ಮೊದಲಿನ ಎರಡರಲ್ಲಿ ಉಳಿಸಿದ್ದು ಪೆಟ್ರೋಲಿಗೂ ಮೋಟೆಲಿಗೂ ಹೋಗುತ್ತದೆ.

ಇನ್ನೊಂದು ರಾಜ್ಯಕ್ಕೆ ಹೋದರೆ ಶುಲ್ಕ ಅಷ್ಟೊಂದು ಏಕೆ?

ಮೊಂಟಾನಾದವನಿಗೆ ಎಲ್ಕ್ ಲೈಸೆನ್ಸ್ 20 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ. ಹೊರಗಿನವನು ಎಲ್ಕ್ ಮತ್ತು ಜಿಂಕೆಯ ಜಂಟಿ ಲೈಸೆನ್ಸಿಗೆ ಸಾವಿರ ಡಾಲರಿಗೂ ಹೆಚ್ಚು ತೆರಬೇಕು, ಅದೂ ಲಾಟರಿಯಲ್ಲಿ ಹೆಸರು ಬಂದರೆ. ನೆಲ ಇಡೀ ದೇಶದ್ದು, ಟೆಕ್ಸಸ್‌ನವನ ತೆರಿಗೆಯೂ ಅದರ ಮೇಲಿದೆ, ಹಾಗಿದ್ದ ಮೇಲೆ ಈ ತಾರತಮ್ಯ ಏಕೆ ಎಂದು ಕೆಲವರು ಸುಪ್ರೀಂ ಕೋರ್ಟಿಗೇ ಹೋದರು. ಆಗ ಸ್ಥಳೀಯರಿಗೆ ಎಲ್ಕ್ ಲೈಸೆನ್ಸ್ 9 ಡಾಲರ್, ಹೊರಗಿನವರಿಗೆ ಜಂಟಿ ಲೈಸೆನ್ಸೇ ಗತಿ, ಅದರ ಬೆಲೆ 225. ಎಲ್ಕ್ ಬೇಟೆ ಮನರಂಜನೆ, ಮೂಲಭೂತ ಹಕ್ಕಲ್ಲ. ರಾಜ್ಯ ತನ್ನವರಿಗೆ ಕಡಿಮೆ ದರ ಇಡಬಹುದು ಎಂದು ಕೋರ್ಟ್ 1978ರಲ್ಲಿ ಹೇಳಿತು. ಅಲ್ಲಿಗೆ ವಾದ ಮುಗಿಯಿತು. ಹೊರಗಿನವರ ದುಡ್ಡು ಅನೇಕ ಪಶ್ಚಿಮ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ದೊಡ್ಡ ಆಸರೆ.

ಅಂದರೆ ಇದು ಹಣವಂತರ ಆಟವೇ?

ಪೂರ್ತಿ ಅಲ್ಲ, ಆದರೆ ಆ ಕಡೆಗೆ ವಾಲುತ್ತಿದೆ. ಮೊಂಟಾನಾದಲ್ಲಿ ಪ್ರತಿವರ್ಷ ಒಂದು ಬಿಗ್‌ಹಾರ್ನ್ ಕುರಿಯ (ಬೆಟ್ಟದ ಕಾಡುಕುರಿ) ಟ್ಯಾಗನ್ನು, ಅಂದರೆ ಒಂದು ಕುರಿ ಹೊಡೆಯುವ ಅನುಮತಿಯನ್ನು, ಹರಾಜು ಹಾಕುತ್ತಾರೆ. 2013ರಲ್ಲಿ ಅದು 4,80,000 ಡಾಲರಿಗೆ ಹೋಯಿತು. ಹಣ ಕುರಿಗಳ ಸಂರಕ್ಷಣೆಗೇ ಹೋಗುತ್ತದೆ ಎಂಬುದು ಸಮರ್ಥನೆ, ಅದು ಸುಳ್ಳಲ್ಲ. ಉಳಿದವರು ಅದೇ ಕುರಿಗಾಗಿ ಪ್ರತಿವರ್ಷ ಲಾಟರಿ ಅರ್ಜಿ ಹಾಕುತ್ತ ಮುದುಕರಾಗುತ್ತಾರೆ.

ನನಗೆ ಹೆಚ್ಚು ಸಿಟ್ಟು ಬರಿಸುವುದು ವಯೋಮಿಂಗ್‌ನ ಒಂದು ನಿಯಮ. ಫೆಡರಲ್ ಸರ್ಕಾರ 'ವನ್ಯಪ್ರದೇಶ' ಎಂದು ಘೋಷಿಸಿದ ಭಾಗದಲ್ಲಿ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಗೆ ಹೋಗಬೇಕಾದರೆ ಲೈಸೆನ್ಸ್ ಇರುವ ಗೈಡ್ ಅಥವಾ ಸ್ಥಳೀಯ ನಿವಾಸಿಯೊಬ್ಬರು ಜೊತೆಗಿರಲೇಬೇಕು. ಸುರಕ್ಷತೆಗಾಗಿಯಂತೆ! ಅದೇ ಹೊರರಾಜ್ಯದವನು ಅದೇ ಕಾಡಿನಲ್ಲಿ ಒಬ್ಬನೇ ವಾರಗಟ್ಟಲೆ ಚಾರಣ ಮಾಡಬಹುದು, ಮೀನು ಹಿಡಿಯಬಹುದು, ಕರಡಿಯ ಎದುರು ಡೇರೆ ಹೊಡೆದು ಮಲಗಬಹುದು. ರೈಫಲ್ ಹಿಡಿದಾಗ ಮಾತ್ರ ದಾರಿ ತಪ್ಪುತ್ತಾನೆ ಎಂದು ಶಾಸನಸಭೆಗೆ ಅನ್ನಿಸಿದೆ. ಗೈಡ್ ಸಮೇತ ಎಲ್ಕ್ ಬೇಟೆಗೆ ಸಾವಿರಾರು ಡಾಲರ್ ಬೇಕು.

ಟೆಕ್ಸಸ್‌ನಲ್ಲಿ ನಮ್ಮ ಕೃಷ್ಣಮೃಗವನ್ನೇ ಹೊಡೆಯುತ್ತಾರಂತೆ?

ಹೌದು. ಚುಕ್ಕೆ ಜಿಂಕೆ, ಕೃಷ್ಣಮೃಗ, ನೀಲ್‌ಗಾಯ್‌ಗಳನ್ನು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಗೆ ಒಯ್ದು ರ‍್ಯಾಂಚುಗಳಲ್ಲಿ ಬಿಟ್ಟರು. ಈಗ ಸಾವಿರಗಟ್ಟಲೆ ಇವೆ. ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಕಟ್ಟಿ ಕಾಯುವ ಪ್ರಾಣಿಗೆ ಅಲ್ಲಿ ದರಪಟ್ಟಿ ಇದೆ. ಇವು ಹೊರಗಿನಿಂದ ಬಂದವು ಎಂಬ ಕಾರಣಕ್ಕೆ ರಾಜ್ಯ ಸೀಸನ್ನನ್ನೂ ಮಿತಿಯನ್ನೂ ಇಟ್ಟಿಲ್ಲ. ಬೇಟೆಗಾರನಿಗೆ ಲೈಸೆನ್ಸ್ ಬೇಕು, ಉಳಿದದ್ದು ಮಾಲೀಕನಿಗೂ ಅವನಿಗೂ ಬಿಟ್ಟ ವ್ಯಾಪಾರ. ಪ್ರಾಣಿ ಜನರದ್ದು ಎಂದು ಮೇಲೆ ಹೇಳಿದ ತತ್ವ ಈ ಬೇಲಿಯೊಳಗೆ ನಡೆಯುವುದಿಲ್ಲ.

ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡವಲ್ಲ. ಊರಿಗೆ ಹೋದಾಗ ಅಲ್ಲೇ ಬೇಟೆ ಆಡಬಹುದೇ?

ಆಗದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ.

ಸ್ಕೀಯಿಂಗ್, ಮೀನು ಹಿಡಿಯುವುದು, ಚಾರಣ ಇವೆಲ್ಲ ಅಗ್ಗವೇ?

ಸ್ಕೀಯಿಂಗ್ ಖಂಡಿತ ಅಲ್ಲ. ಕೊಲೊರಾಡೊದ ವೇಲ್‌ನಲ್ಲಿ 2024-25ರ ದಟ್ಟಣೆಯ ದಿನಗಳಲ್ಲಿ ಕೌಂಟರಿನ ಒಂದು ದಿನದ ಟಿಕೆಟ್ ಮುನ್ನೂರು ಡಾಲರ್ ದಾಟಿತ್ತು. ಆ ಬೆಟ್ಟವಿರುವುದು ವೈಟ್ ರಿವರ್ ರಾಷ್ಟ್ರೀಯ ಅರಣ್ಯದಲ್ಲಿ, ಅಂದರೆ ಸರ್ಕಾರಿ ನೆಲದಲ್ಲಿ. ನೆಲ ನಿಮ್ಮದು, ಮೇಲೆ ಹೋಗುವ ಲಿಫ್ಟ್ ಕಂಪನಿಯದು.

ಚಾರಣ ಇವತ್ತಿಗೂ ಬಡವನ ಭಾಗ್ಯ. ರಾಷ್ಟ್ರೀಯ ಅರಣ್ಯಗಳ ಬಹುಪಾಲು ಕಡೆ ಡೇರೆ ಹಾಕಿ ಕೆಲವು ದಿನ ಬಿಡಿಗಾಸಿಲ್ಲದೆ ಉಳಿಯಬಹುದು. ಮೀನಿನ ಲೈಸೆನ್ಸ್ ಸ್ಥಳೀಯರಿಗೆ ಅಗ್ಗ, ಗಾಳ ಅಗ್ಗ. ಅಲ್ಲೂ ಜಾಗದ ಜಗಳ ತಪ್ಪಿದ್ದಲ್ಲ. ಮೊಂಟಾನಾದ 1985ರ ಕಾನೂನಿನ ಪ್ರಕಾರ ದಡ ಯಾರದಾಗಿದ್ದರೂ ಸಾಮಾನ್ಯ ಗರಿಷ್ಠ ನೀರಿನ ಗುರುತಿನ ಒಳಗೆ ಹೊಳೆಯಲ್ಲಿ ನಡೆದು ಮೀನು ಹಿಡಿಯಬಹುದು, ಸಾರ್ವಜನಿಕ ಸೇತುವೆಯ ಬಳಿ ಇಳಿದರೆ ಸಾಕು. ಕೊಲೊರಾಡೊದಲ್ಲಿ ಆ ಅನುಕೂಲವಿಲ್ಲ. ಹೊಳೆಯ ತಳ ಖಾಸಗಿಯಾಗಿದ್ದರೆ ಕಾಲೂರಿದವನೂ ಅತಿಕ್ರಮಿಯೇ ಆಗಬಹುದು.

ನಾನು ಬೇಟೆಯಾಡುವವನಲ್ಲ. ಇದರಿಂದ ನನಗೇನು?

ಬಂದೂಕು, ಗುಂಡು, ಬಿಲ್ಲುಗಳ ಮೇಲೆ ಹತ್ತು ಹನ್ನೊಂದು ಶೇಕಡಾ ತೆರಿಗೆ ಹಾಕಿ ಅದನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹಂಚುವ ಕಾನೂನು 1937ರಿಂದ ಇದೆ. ನೀವು ಹಕ್ಕಿ ನೋಡಲು ಹೋಗುವ ಎಷ್ಟೋ ಜೌಗುಪ್ರದೇಶಗಳನ್ನು 1934ರಿಂದ ಬಾತುಕೋಳಿ ಬೇಟೆಗಾರರು ಬೇಟೆಗಾಗಿ ಕೊಳ್ಳುತ್ತಿರುವ ಸರ್ಕಾರಿ ಸ್ಟಾಂಪಿನ ಹಣದಿಂದ ಖರೀದಿಸಲಾಗಿದೆ. ಈಗ ಅದರ ಬೆಲೆ 25 ಡಾಲರ್.

2025ರಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಪಶ್ಚಿಮ ರಾಜ್ಯಗಳ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿಯನ್ನು ಮಾರುವ ಪ್ರಸ್ತಾವ ತಂದಾಗ ಬೇಟೆಗಾರರು, ಗಾಳದವರು, ಚಾರಣಿಗರು ಪಕ್ಷಭೇದ ಮರೆತು ಕೂಗೆಬ್ಬಿಸಿದರು. ಲೀ ಅವರ ಸ್ವಂತ ಪಕ್ಷದವರೇ ವಿರೋಧಿಸಿದರು, ಜೂನ್ ಕೊನೆಯಲ್ಲಿ ಪ್ರಸ್ತಾವ ವಾಪಸಾಯಿತು. ಮಾರಾಟವಾಗಿದ್ದರೆ ನಿಮ್ಮ ಡೇರೆಯ ಜಾಗಕ್ಕೂ ಗೇಟು ಬೀಳಬಹುದಿತ್ತು.

ಹೊಡೆದ ಜಿಂಕೆಯ ಕೊಂಬನ್ನು ಊರಿಗೆ ತರಬಹುದೇ?

ಬೇಡ. ವನ್ಯಪ್ರಾಣಿಗಳ ಅಂಗಾಂಗಗಳ ಆಮದಿನ ಮೇಲೆ ಭಾರತದ ಕಾನೂನು ಬಹಳ ಬಿಗಿ. ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯ ಎದುರು ಟೆಕ್ಸಸ್‌ನ ಲೈಸೆನ್ಸ್ ತೋರಿಸಿ ಪ್ರಯೋಜನವಿಲ್ಲ. ಅಮೆರಿಕದ ಮನೆಯಲ್ಲೇ ಗೋಡೆಗೆ ನೇತುಹಾಕಿ, ಮನೆಯವರು ಒಪ್ಪಿದರೆ.